ಡಾಕ್ಟರ್ ಆಗಬೇಕೆಂದವರಿಗೆ ಒಂದು ಕಾಮರ್ಸ್ ಲೆಕ್ಕ



ನಮ್ಮ ಕಾಲೇಜಿನ ಪಿಸಿಎಂಬಿ ತರಗತಿಯಲ್ಲಿ ಯಾರನ್ನು ಕೇಳಿದರೂ ಹೆಚ್ಚಿನವರ ಉತ್ತರ ಒಂದೇ, "ಎಂಬಿಬಿಎಸ್ ಮಾಡಬೇಕು." ಯಾವ ಕಾಲೇಜಿನಲ್ಲಿ ಎಂದು ಕೇಳಿದರೆ ಮಾತ್ರ, "ಮೊದಲು ನೀಟ್ ಆಗಲಿ, ಆಮೇಲೆ ನೋಡೋಣ" ಎನ್ನುತ್ತಾರೆ. ಆ "ಆಮೇಲೆ" ಬಂದಾಗ ಕೈಯಲ್ಲಿ ಉಳಿಯುವುದು ಕೆಲವೇ ದಿನ. ಅಷ್ಟರಲ್ಲಿ ಲಕ್ಷಗಟ್ಟಲೆ ಹಣದ ನಿರ್ಧಾರ ಆಗಿಬಿಡುತ್ತದೆ.

ನಾನು ಓದುತ್ತಿರುವುದು ಸಿಇಬಿಎ. ಜೀವಶಾಸ್ತ್ರ ನನಗೆ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಆದರೂ ಇದನ್ನು ಬರೆಯಲು ಕಾರಣವಿದೆ. ಕಳೆದ ವರ್ಷ ನಮ್ಮ ಆಪಾ ನೀಟ್ ಬರೆದಾಗ ಕಾಲೇಜುಗಳ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಎಕ್ಸೆಲ್ ಗೊತ್ತಿದ್ದದ್ದು ನನಗೆ ಮಾತ್ರ. ಆಗ ಕಲಿತದ್ದನ್ನು ಈ ವರ್ಷ ಪರೀಕ್ಷೆ ಬರೆಯುವವರಿಗೂ ಅವರ ಮನೆಯವರಿಗೂ ಉಪಯೋಗವಾಗಲಿ ಎಂದು ಕ್ರಮವಾಗಿ ಬರೆದಿದ್ದೇನೆ.

1. ಅರ್ಹತೆ ಬೇರೆ, ಸೀಟು ಬೇರೆ

2025ರಲ್ಲಿ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು. ಅರ್ಹತೆ ಪಡೆದವರು 12 ಲಕ್ಷಕ್ಕೂ ಹೆಚ್ಚು. ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳು ಸುಮಾರು 1.2 ಲಕ್ಷ, ಅದರಲ್ಲಿ ಸರ್ಕಾರಿ ಕಾಲೇಜಿನವು ಹೆಚ್ಚು ಕಡಿಮೆ ಅರ್ಧ. ಅಂದರೆ ಅರ್ಹತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರಿಗೆ ಒಂದು ಸೀಟು, ಇಪ್ಪತ್ತು ಮಂದಿಯಲ್ಲಿ ಒಬ್ಬರಿಗೆ ಸರ್ಕಾರಿ ಸೀಟು.

ಆ ವರ್ಷ ಸಾಮಾನ್ಯ ವರ್ಗದ ಅರ್ಹತಾ ಅಂಕ 720ಕ್ಕೆ 144, ಹಿಂದುಳಿದ ವರ್ಗಗಳಿಗೆ 113. ಈ ಅಂಕ ಬಂದ ತಕ್ಷಣ ಮನೆಗೆ ಫೋನ್ ಬರಲು ಶುರುವಾಗುತ್ತದೆ. "ನಿಮ್ಮ ಮಗಳು ಕ್ವಾಲಿಫೈ ಆಗಿದ್ದಾಳೆ, ಸೀಟು ಮಾಡಿಸಿಕೊಡುತ್ತೇವೆ" ಎಂದು ಹೇಳುವವರು ಏಜೆಂಟರು. ಅರ್ಹತೆ ಎಂದರೆ ಸಾಲಿನಲ್ಲಿ ನಿಲ್ಲಲು ಅನುಮತಿ, ಅಷ್ಟೇ. ಕೌನ್ಸೆಲಿಂಗ್ ಬಿಟ್ಟು ಬೇರೆ ದಾರಿಯಲ್ಲಿ ಎಂಬಿಬಿಎಸ್ ಸೀಟು ಇಲ್ಲ ಎಂಬುದನ್ನು ಅಬ್ಬಾ, ಅಮ್ಮಿ ಇಬ್ಬರಿಗೂ ಫಲಿತಾಂಶಕ್ಕೆ ಮೊದಲೇ ಹೇಳಿಡಿ.

2. ಅಂಕ ನೋಡಬೇಡಿ, ರ‍್ಯಾಂಕ್ ನೋಡಿ

"ನಮ್ಮ ಪಕ್ಕದ ಮನೆಯವನಿಗೆ ಇಷ್ಟು ಅಂಕಕ್ಕೆ ಸಿಕ್ಕಿತು" ಎಂಬ ಮಾತು ಎಲ್ಲ ಮನೆಗಳಲ್ಲೂ ಕೇಳುತ್ತದೆ. 2024ರಲ್ಲಿ ಪರಿಷ್ಕೃತ ಫಲಿತಾಂಶದ ನಂತರವೂ 17 ಮಂದಿಗೆ 720ಕ್ಕೆ 720 ಇತ್ತು. 2025ರಲ್ಲಿ ಮೊದಲ ಸ್ಥಾನ ಪಡೆದವರ ಅಂಕವೇ 686. 2024ರಲ್ಲಿ 600 ದಾಟಿದವರು ಹತ್ತಾರು ಸಾವಿರ ಮಂದಿ, 2025ರಲ್ಲಿ ಇಡೀ ದೇಶದಲ್ಲಿ ಒಂದೂವರೆ ಸಾವಿರಕ್ಕೂ ಕಡಿಮೆ. ಪ್ರಶ್ನೆಪತ್ರಿಕೆ ಕಷ್ಟವಾದರೆ ಎಲ್ಲರ ಅಂಕವೂ ಇಳಿಯುತ್ತದೆ. ಆದರೆ ಸೀಟುಗಳ ಸಂಖ್ಯೆ ಅಷ್ಟಾಗಿ ಬದಲಾಗುವುದಿಲ್ಲ. ಆದ್ದರಿಂದ ಹಿಂದಿನ ವರ್ಷದ ಅಂಕ ಹಳೆಯ ದರಪಟ್ಟಿ ಇದ್ದ ಹಾಗೆ. ಹೋಲಿಸಲು ಬರುವುದು ರ‍್ಯಾಂಕ್ ಮಾತ್ರ.

ಕೆಇಎ ಪ್ರತಿ ವರ್ಷ, ಪ್ರತಿ ಸುತ್ತಿನ ಕೊನೆಯ ರ‍್ಯಾಂಕುಗಳನ್ನು ಕಾಲೇಜುವಾರು, ವರ್ಗವಾರು ಪ್ರಕಟಿಸುತ್ತದೆ. ಕನಿಷ್ಠ ಎರಡು ವರ್ಷದ್ದನ್ನು ಇಳಿಸಿಕೊಳ್ಳಿ. ಅದರಲ್ಲಿ ನಿಮ್ಮ ಕಾಲಂ ಯಾವುದೆಂದು ತಿಳಿದಿರಬೇಕು. 2ಬಿಜಿ ಎಂದರೆ ಪ್ರವರ್ಗ 2ಬಿ ಸಾಮಾನ್ಯ, 2ಬಿಆರ್ ಎಂದರೆ ಗ್ರಾಮೀಣ, 2ಬಿಕೆ ಎಂದರೆ ಕನ್ನಡ ಮಾಧ್ಯಮ. ಕೊನೆಯಲ್ಲಿ ಎಚ್ ಇದ್ದರೆ ಅದು 371ಜೆ ಅಡಿಯಲ್ಲಿ ಬರುವ ಕಲ್ಯಾಣ ಕರ್ನಾಟಕದವರಿಗೆ. ಒಳ್ಳೆಯ ರ‍್ಯಾಂಕ್ ಇದ್ದರೆ 2ಬಿಯವರಿಗೂ ಸಾಮಾನ್ಯ ವರ್ಗದ ಸೀಟು ಸಿಗುತ್ತದೆ. ಹಾಗಾಗಿ ಜಿಎಂ ಕಾಲಂ ಕೂಡ ನೋಡಿ.

3. ಎರಡು ಬಾಗಿಲು

ಒಂದು ಬಾಗಿಲು ದೆಹಲಿಯ ಎಂಸಿಸಿ. ಸರ್ಕಾರಿ ಕಾಲೇಜುಗಳ ಶೇ. 15 ಅಖಿಲ ಭಾರತ ಕೋಟಾ, ಏಮ್ಸ್, ಜಿಪ್ಮರ್ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳು ಅಲ್ಲಿ ಹಂಚಿಕೆಯಾಗುತ್ತವೆ. ಇನ್ನೊಂದು ನಮ್ಮ ಕೆಇಎ. ರಾಜ್ಯದ ಸರ್ಕಾರಿ ಕಾಲೇಜುಗಳ ಉಳಿದ ಶೇ. 85 ಮತ್ತು ಖಾಸಗಿ ಕಾಲೇಜುಗಳ ಸೀಟುಗಳು ಇಲ್ಲಿ. ನೀಟ್ ಬರೆದರೆ ಸಾಲದು, ಎರಡು ಕಡೆಯೂ ಪ್ರತ್ಯೇಕವಾಗಿ ನೋಂದಾಯಿಸಬೇಕು.

ನಮ್ಮವರು ಇಲ್ಲಿ ಒಂದು ಸಂಗತಿ ಗಮನಿಸಬೇಕು. ರಾಜ್ಯದ 2ಬಿ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ರಾಜ್ಯದಲ್ಲಿ 2ಬಿ ಇದ್ದವರೆಲ್ಲ ಕೇಂದ್ರದಲ್ಲಿ ಒಬಿಸಿ ಆಗಿರುವುದಿಲ್ಲ. ಪ್ರಮಾಣಪತ್ರದ ನಮೂನೆಯೂ ಬೇರೆ. ನೀಟ್ ಅರ್ಜಿ ತುಂಬುವ ಮೊದಲೇ ನಿಮ್ಮದು ಯಾವುದೆಂದು ನೋಡಿಕೊಳ್ಳಿ.

4. ಒಂದೇ ಕಾಲೇಜು, ಬೇರೆ ಬೇರೆ ಬೆಲೆ

ಅಕೌಂಟೆನ್ಸಿ ಓದುವವರಿಗೆ ಆಶ್ಚರ್ಯವಾಗುವ ಜಾಗ ಇದು. ಒಂದೇ ತರಗತಿ, ಒಂದೇ ಬೆಂಚು, ಒಂದೇ ಪರೀಕ್ಷೆ. ಆದರೆ ಪಕ್ಕಪಕ್ಕ ಕೂತ ಇಬ್ಬರ ಶುಲ್ಕದಲ್ಲಿ ಏಳೆಂಟು ಪಟ್ಟು ವ್ಯತ್ಯಾಸ ಇರಬಹುದು. ಸರ್ಕಾರಿ ಕಾಲೇಜಿನಲ್ಲಿ ವಾರ್ಷಿಕ ಶುಲ್ಕ ಒಂದು ಲಕ್ಷದೊಳಗೆ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಸೀಟಿಗೆ ಹತ್ತು ಲಕ್ಷ ದಾಟುತ್ತದೆ. ಡೀಮ್ಡ್ ಆದರೆ ಅದಕ್ಕೂ ಮೇಲೆ. ಎನ್‌ಆರ್‌ಐ ಸೀಟಿನ ಮಾತು ಇಲ್ಲಿ ಬೇಡ. 2ಬಿ ಮೀಸಲಾತಿ ಇರುವುದು ಸರ್ಕಾರಿ ಸೀಟುಗಳಿಗೆ. ವಿಜಯಪುರ, ಕಲಬುರಗಿ, ಮಂಗಳೂರಿನಲ್ಲಿ ನಮ್ಮ ಸಮುದಾಯದ ಸಂಸ್ಥೆಗಳು ನಡೆಸುವ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿಯೂ ಶುಲ್ಕ ತೀರ್ಮಾನವಾಗುವುದು ಸೀಟಿನ ಬಗೆಯಿಂದ, ನಡೆಸುವವರು ಯಾರು ಎಂಬುದರಿಂದಲ್ಲ.

ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಬ್ಬಾ ಅವರದು ಚಿಕ್ಕ ಟೈರ್ ಅಂಗಡಿ. ಅಮ್ಮಿಯ ಹೆಸರಲ್ಲಿ ಊರ ಹೊರಗೆ ಒಂದು ಸೈಟ್ ಇದೆ. ಆಪಾಳ ಫಲಿತಾಂಶ ಬಂದ ವಾರ ಮಾಮು ಬಂದು, "ಸೈಟ್ ಮಾರಿಬಿಡಿ, ಉಳಿದದ್ದಕ್ಕೆ ಬ್ಯಾಂಕ್ ಸಾಲ ಸಿಗುತ್ತದೆ. ಖಾನ್‌ದಾನಿನಲ್ಲಿ ಒಬ್ಬರಾದರೂ ಡಾಕ್ಟರ್ ಆಗಲಿ" ಎಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ಅಬ್ಬಾ ಏನೂ ಮಾತಾಡಲಿಲ್ಲ. ಇಲ್ಲ ಎಂದರೆ ಮಗಳಿಗೆ ಬೇಸರವಾಗುತ್ತದೆ, ಹೂಂ ಎಂದರೆ ಅಮ್ಮಿಯ ಸೈಟ್ ಹೋಗುತ್ತದೆ.

ನಾನು ಲೆಕ್ಕ ಹಾಕಿದೆ. ವರ್ಷಕ್ಕೆ 12 ಲಕ್ಷದಂತೆ ನಾಲ್ಕೂವರೆ ವರ್ಷಕ್ಕೆ 54 ಲಕ್ಷ. ಹಾಸ್ಟೆಲ್, ಊಟ, ಪುಸ್ತಕ ಬೇರೆ. ಅದರಲ್ಲಿ 50 ಲಕ್ಷ ಸಾಲವಾದರೆ ಶೇ. 10ರ ಬಡ್ಡಿಯಲ್ಲಿ ವರ್ಷಕ್ಕೆ ಬಡ್ಡಿಯೇ 5 ಲಕ್ಷ, ತಿಂಗಳಿಗೆ 41,666 ರೂಪಾಯಿ. ಇಷ್ಟು ಕಟ್ಟಿದರೂ ಅಸಲಿನಲ್ಲಿ ಒಂದು ರೂಪಾಯಿ ಕರಗುವುದಿಲ್ಲ. ಎಂಬಿಬಿಎಸ್ ಆದ ಮೇಲೆ ಪಿಜಿ ಮಾಡಬೇಕೆಂದರೆ ಇನ್ನೂ ಮೂರು ವರ್ಷ. ನನ್ನ ಹಿಂದೆ ಇನ್ನೊಬ್ಬ ತಮ್ಮನೂ ಇದ್ದಾನೆ.

ಆಪಾ ಆ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪೆನ್ನು ತೆಗೆದುಕೊಂಡು ಪಟ್ಟಿಯಲ್ಲಿ ಒಂದು ಗೆರೆ ಎಳೆದಳು. "ಇದರ ಕೆಳಗಿನದು ಯಾವುದೂ ಬೇಡ. ಸೈಟ್ ಅಮ್ಮಿಯದು" ಎಂದಳು. ಗೆರೆಯ ಮೇಲೆ ಉಳಿದದ್ದು ಸರ್ಕಾರಿ ಕಾಲೇಜುಗಳು ಮತ್ತು ಖಾಸಗಿಯಲ್ಲಿ ಸರ್ಕಾರಿ ಕೋಟಾ.

ಎಲ್ಲ ಮನೆಯ ಗೆರೆಯೂ ಒಂದೇ ಕಡೆ ಇರಬೇಕೆಂದು ನಾನು ಹೇಳುತ್ತಿಲ್ಲ. ಶಕ್ತಿ ಇದ್ದವರ ಗೆರೆ ಕೆಳಗಿರಬಹುದು. ಸೀಟು ಸಿಕ್ಕವರಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ "ಅರಿವು" ಸಾಲವೂ ಇದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಆದರೆ ಗೆರೆಯನ್ನು ಸೀಟು ಹಂಚಿಕೆಗೆ ಮೊದಲೇ ಎಳೆಯಬೇಕು. ಸೀಟು ಕೈಗೆ ಬಂದು, ಹಣ ಕಟ್ಟಲು ಮೂರೇ ದಿನ ಉಳಿದಾಗ ಯಾವ ಮನೆಯೂ ಸರಿಯಾಗಿ ಲೆಕ್ಕ ಹಾಕಲಾರದು.

5. ಪಟ್ಟಿ ಮಾಡುವ ಕ್ರಮ

ಗೆರೆಯ ಮೇಲಿರುವ ಕಾಲೇಜುಗಳನ್ನು ಮೂರು ಗುಂಪು ಮಾಡಿ. ಹಿಂದಿನ ಕೊನೆಯ ರ‍್ಯಾಂಕ್ ನಿಮ್ಮದಕ್ಕಿಂತ ಮುಂದಿದ್ದರೆ "ಆಸೆ". ಹತ್ತಿರದಲ್ಲಿದ್ದರೆ "ಸಾಧ್ಯ". ನಿಮ್ಮದಕ್ಕಿಂತ ಸಾಕಷ್ಟು ಹಿಂದಿದ್ದರೆ "ನಂಬಿಕೆ". ಮೂರೂ ಗುಂಪಿನಲ್ಲಿ ಹೆಸರುಗಳಿರಬೇಕು. "ನಂಬಿಕೆ" ಗುಂಪು ಖಾಲಿ ಇದ್ದರೆ ಆರನೆಯ ವಿಷಯವನ್ನು ಎರಡು ಸಲ ಓದಿ.

ಆಪ್ಷನ್ ಎಂಟ್ರಿಯಲ್ಲಿ ಮಾತ್ರ ಸಿಗುವ ಸಾಧ್ಯತೆಯ ಕ್ರಮದಲ್ಲಿ ಬರೆಯಬೇಡಿ, ನಿಮಗೆ ಇಷ್ಟವಾದ ಕ್ರಮದಲ್ಲಿ ಬರೆಯಿರಿ. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಡುತ್ತದೆ. "ಆಸೆ" ಕಾಲೇಜನ್ನು ಮೊದಲು ಬರೆದದ್ದರಿಂದ ಕೆಳಗಿನದು ತಪ್ಪಿಹೋಗುವುದಿಲ್ಲ. ಆದರೆ "ನಂಬಿಕೆ"ಯನ್ನು ಮೇಲೆ ಬರೆದರೆ ಅದೇ ಸಿಗುತ್ತದೆ, ಮೇಲಿನದು ತಪ್ಪುತ್ತದೆ. ಹಾಗೆಯೇ, ಸಿಕ್ಕರೂ ಸೇರಲಾರದ ಸೀಟನ್ನು ಪಟ್ಟಿಯಲ್ಲಿ ಇಡಲೇಬೇಡಿ. ಮುಂದಿನ ಸುತ್ತುಗಳಲ್ಲಿ ಸೀಟು ಬಿಟ್ಟರೆ ಠೇವಣಿ ಹೋಗುವ, ಮುಂದೆ ಅವಕಾಶ ತಪ್ಪುವ ನಿಯಮಗಳಿವೆ. ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಪೂರ್ತಿ ಓದಿ.

ಆಪಾಳಿಗೆ ಅಣಕು ಹಂಚಿಕೆಯಲ್ಲಿ ಏನೂ ಬರಲಿಲ್ಲ. ಮೊದಲ ಸುತ್ತಿನಲ್ಲೂ ಬರಲಿಲ್ಲ. ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಏಜೆಂಟರ ಫೋನ್ ಮಾತ್ರ ದಿನವೂ ಬರುತ್ತಿತ್ತು. ಗೆರೆ ಇದ್ದದ್ದರಿಂದ ಉತ್ತರ ಕೊಡುವುದು ಸುಲಭವಾಯಿತು. ಎರಡನೇ ಸುತ್ತಿನಲ್ಲಿ ಪಟ್ಟಿಯ 23ನೆಯ ಕಾಲೇಜು ಸಿಕ್ಕಿತು. ಸರ್ಕಾರಿ ಕಾಲೇಜು, ನಮ್ಮೂರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣ. ಅಷ್ಟು ದೂರವೇ ಎಂದು ಅಮ್ಮಿ ಆಗ ಕೇಳಲಿಲ್ಲ. ಏಕೆಂದರೆ ಪಟ್ಟಿ ಮಾಡುವಾಗಲೇ ಕೇಳಿಯಾಗಿತ್ತು, ಹುಡುಗಿಯರ ಹಾಸ್ಟೆಲ್ ಆವರಣದೊಳಗೇ ಇದೆ ಎಂದು ವಿಚಾರಿಸಿ ತಿಳಿದಾಗಿತ್ತು.

ಹೆಸರಿನ ಬಗ್ಗೆಯೂ ಒಂದು ಮಾತು. ಮೈಸೂರು ವೈದ್ಯಕೀಯ ಕಾಲೇಜು 1924ರದು, ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಯವೂ ಹಳೆಯವು. ಗದಗ, ಕೊಪ್ಪಳ, ಕಾರವಾರ, ಯಾದಗಿರಿ, ಹಾವೇರಿಯವು ಹೊಸವು. ಆದರೆ ಇವೆಲ್ಲದರ ವಿದ್ಯಾರ್ಥಿಗಳೂ ಬರೆಯುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಒಂದೇ ಪರೀಕ್ಷೆ. ವ್ಯತ್ಯಾಸ ನೋಡಬೇಕಾದದ್ದು ಆಸ್ಪತ್ರೆಯಲ್ಲಿ. ಹೊರರೋಗಿಗಳು ಎಷ್ಟು ಬರುತ್ತಾರೆ, ಹಾಸಿಗೆಗಳು ತುಂಬಿರುತ್ತವೆಯೇ, ಹೆರಿಗೆ ಮತ್ತು ತುರ್ತು ವಿಭಾಗ ರಾತ್ರಿಯೂ ನಡೆಯುತ್ತದೆಯೇ ಎಂದು ಅಲ್ಲಿನ ಸೀನಿಯರ್‌ಗಳನ್ನು ಕೇಳಿ. ರೋಗಿಗಳೇ ಇಲ್ಲದ ಹೊಳೆಯುವ ಕಟ್ಟಡಕ್ಕಿಂತ ರೋಗಿಗಳು ತುಂಬಿದ ಜಿಲ್ಲಾಸ್ಪತ್ರೆಯಲ್ಲಿ ಹೆಚ್ಚು ಕಲಿಯಬಹುದು ಎಂದು ಆಪಾ ಈಗ ಹೇಳುತ್ತಾಳೆ.

6. ಸೀಟು ಸಿಗದಿದ್ದರೆ

ಇದನ್ನೂ ಮೊದಲೇ ಮಾತಾಡಿಕೊಳ್ಳಿ. ಮಾತಾಡಿದರೆ ಅಪಶಕುನವೇನೂ ಆಗುವುದಿಲ್ಲ.

ಬಿಡಿಎಸ್, ಬಿಎಎಂಎಸ್, ಬಿಎಚ್‌ಎಂಎಸ್, ಬಿಯುಎಂಎಸ್ ಎಲ್ಲಕ್ಕೂ ನೀಟ್ ರ‍್ಯಾಂಕೇ ಆಧಾರ. ಯುನಾನಿಗೆ, ಅಂದರೆ ಬಿಯುಎಂಎಸ್‌ಗೆ, ಶಾಲೆಯಲ್ಲಿ ಓದಿದ ಉರ್ದು ಉಪಯೋಗಕ್ಕೆ ಬರುತ್ತದೆ. ಬಿ.ಎಸ್ಸಿ. ನರ್ಸಿಂಗ್, ಬಿ.ಫಾರ್ಮಾ ಸೀಟುಗಳಿಗೆ ಕೆಇಎ ಸಿಇಟಿ ಇದೆ. ಆದ್ದರಿಂದ ನೀಟ್ ಜೊತೆಗೆ ಸಿಇಟಿ ಅರ್ಜಿಯನ್ನೂ ಹಾಕಿ. ಇವುಗಳಲ್ಲಿ ನಿಮಗೆ ಮನಸ್ಸಿರುವುದನ್ನು ಮಾತ್ರ ಪಟ್ಟಿಗೆ ಸೇರಿಸಿ. ಮನಸ್ಸಿಲ್ಲದೆ ಐದು ವರ್ಷ ಓದುವುದೂ ಒಂದು ಖರ್ಚೇ.

ಇನ್ನೊಂದು ವರ್ಷ ಓದಿ ಮತ್ತೆ ಬರೆಯಬಹುದು. ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿಯಿಲ್ಲ, ಎಷ್ಟು ಸಲ ಎಂಬ ಮಿತಿಯೂ ಇಲ್ಲ. ಮಿತಿ ಇರುವುದು ಮನೆಯ ಹಣಕ್ಕೆ ಮತ್ತು ನಿಮ್ಮ ಮನಸ್ಸಿಗೆ. ಒಂದು ವರ್ಷ ಎಂದು ಬರೆದಿಟ್ಟುಕೊಂಡು ಶುರು ಮಾಡಿ.

ವಿದೇಶದ ಎಂಬಿಬಿಎಸ್ ಅಗ್ಗ ಎಂದು ಹೇಳುವವರಿದ್ದಾರೆ. ಅದಕ್ಕೂ ನೀಟ್ ಅರ್ಹತೆ ಬೇಕು. 2021ರ ನಿಯಮದಂತೆ ಕನಿಷ್ಠ 54 ತಿಂಗಳ ಕೋರ್ಸ್, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ ಕಡ್ಡಾಯ. ಮರಳಿ ಬಂದ ಮೇಲೆ ಎಫ್‌ಎಂಜಿಇ ಪಾಸಾಗಬೇಕು. ಇತ್ತೀಚಿನ ವರ್ಷಗಳಲ್ಲಿ ಅದರಲ್ಲಿ ಪಾಸಾದವರು ಬಹುತೇಕ ನೂರಕ್ಕೆ ಮೂವತ್ತಕ್ಕಿಂತ ಕಡಿಮೆ. ಅಗ್ಗದ ಶುಲ್ಕದ ಪಕ್ಕದಲ್ಲಿ ಈ ಸಂಖ್ಯೆಯನ್ನೂ ಬರೆದು ನೋಡಿ.

7. ಈಗಲೇ ಮಾಡಬೇಕಾದ್ದು

ನೀಟ್ ಸಾಮಾನ್ಯವಾಗಿ ಮೇ ಮೊದಲ ವಾರದಲ್ಲಿ ನಡೆಯುತ್ತದೆ. ಅದಕ್ಕೆ ಮುಂಚೆ ಇಷ್ಟು ಸಿದ್ಧವಿರಲಿ:

• ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರ. ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿದೆಯೇ ನೋಡಿ.
• ಹಳ್ಳಿಯಲ್ಲಿ ಓದಿದವರು 1ರಿಂದ 10ನೇ ತರಗತಿಯ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ. ಉರ್ದು ಶಾಲೆಯಾದರೂ ಹಳ್ಳಿಯಲ್ಲಿದ್ದರೆ ಇದನ್ನು ಕೇಳಿ ಪಡೆಯಿರಿ.
• ಕನ್ನಡ ಮಾಧ್ಯಮದವರು ಅದರ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರು 371ಜೆ ಪ್ರಮಾಣಪತ್ರ.
• ಎಲ್ಲ ದಾಖಲೆಗಳಲ್ಲೂ ಹೆಸರು ಒಂದೇ ರೀತಿ ಇರಲಿ. ಒಂದರಲ್ಲಿ "ಮೊಹಮ್ಮದ್", ಇನ್ನೊಂದರಲ್ಲಿ "ಎಂಡಿ" ಎಂದಿದ್ದರೆ ಪರಿಶೀಲನೆಯ ದಿನ ಓಡಾಡಬೇಕಾಗುತ್ತದೆ.
• ಮನೆಯವರ ಜೊತೆ ಕೂತು ಬರೆದ ಒಂದು ಹಾಳೆ: ವರ್ಷಕ್ಕೆ ಎಷ್ಟು ಕೊಡಬಲ್ಲೆವು, ಎಷ್ಟು ಸಾಲ ಮಾಡಬಲ್ಲೆವು, ಯಾವುದನ್ನು ಮಾರುವುದಿಲ್ಲ.

ಕೊನೆಯ ಹಾಳೆ ತಯಾರಿಸುವುದೇ ಎಲ್ಲಕ್ಕಿಂತ ಕಷ್ಟ. ಅಬ್ಬಾನ ಮುಂದೆ ಹಣದ ಮಾತು ತೆಗೆಯಲು ನಮಗೆ ಸಂಕೋಚ, ಇಲ್ಲ ಎನ್ನಲು ಅವರಿಗೆ ಸಂಕೋಚ. ಹಾಳೆಯ ಮೇಲೆ ಅಂಕಿಗಳಿದ್ದರೆ ಇಬ್ಬರಿಗೂ ಮಾತು ಸುಲಭವಾಗುತ್ತದೆ. ಎಕ್ಸೆಲ್ ಬಾರದವರು ಶನಿವಾರ ಮಧ್ಯಾಹ್ನ ಸಿಇಬಿಎ ತರಗತಿಗೆ ಬನ್ನಿ. ಪಟ್ಟಿ ಮಾಡಲು ನಾವು ಕೆಲವರು ಅಲ್ಲಿರುತ್ತೇವೆ. ಓದುವುದು ನಿಮ್ಮ ಕೆಲಸ, ಕೂಡಿಸಿ ಕಳೆಯುವುದಕ್ಕೆ ನಾವಿದ್ದೇವೆ.