ಮೇ ತಿಂಗಳಲ್ಲಿ ಸ್ಕೀಯಿಂಗ್ ಮಾರುವವರು

ಪ್ರಶ್ನೆ: ಅಕ್ಕಾರ, ನಮ್ಮ ಹೊಲ ಶಹಾಪುರದ ಹತ್ರ. ಈ ಸಲ ಹತ್ತಿ ರೊಕ್ಕ ಕೈಗೆ ಬಂದದ. ಎಂಟನೇತ್ತ ಓದೋ ಮಗ ಮೊಬೈಲ್‌ನ್ಯಾಗ ನೋಡಿ ಬರ್ಫಿನ ಮ್ಯಾಲ ಸ್ಕೀಯಿಂಗ್ ಕಲೀತೀನಂತ ಹಟ ಹಿಡದಾನ. ಯಾದಗಿರಿ ಏಜೆಂಟರು ಎರಡು ಪ್ಯಾಕೇಜ್ ಹೇಳ್ಯಾರ. ಬ್ಯಾಸಗಿ ಸೂಟಿಗೆ ಮನಾಲಿ, ಅಗ್ಗ. ಜನವರಿಗೆ ಗುಲ್ಮಾರ್ಗ್, ಅದಕ್ಕ ಹತ್ತತ್ರ ಎರಡು ಪಟ್ಟು. ಪಹಲ್ಗಾಮ್ ದಾಳಿ ಸುದ್ದಿ ಕೇಳಿದಾಗಿಂದ ನಮ್ಮ ಅತ್ತಿ ಕಾಶ್ಮೀರ ಬ್ಯಾಡ ಅಂತಾರ. ಯಾವುದಕ್ಕ ಕೊಟ್ಟ ರೊಕ್ಕ ದಕ್ಕತದ?

ಉತ್ತರ: ತಂಗಿ, ಊರಿನ ಹೆಸರು ಬಿಡಿ, ಮೊದಲು ತಿಂಗಳು ನೋಡಿ. ನಮ್ಮ ಶಾಲೆಗಳಿಗೆ ದೊಡ್ಡ ರಜೆ ಬರುವುದು ದಸರೆಗೆ, ಆಮೇಲೆ ಏಪ್ರಿಲ್–ಮೇ ತಿಂಗಳಿಗೆ. ಸ್ಕೀಯಿಂಗ್ ಕಲಿಯಲು ಬೇಕಾದ ಹಿಮ ಇರುವುದು ಜನವರಿಯಿಂದ ಹೆಚ್ಚೆಂದರೆ ಮಾರ್ಚ್ ಮಧ್ಯದ ತನಕ. ಮೇ ತಿಂಗಳಲ್ಲಿ ಮನಾಲಿ ಹತ್ತಿರದ ಸೋಲಂಗ್ ಕಣಿವೆಯ ಇಳಿಜಾರು ಹಸಿರು ಹುಲ್ಲು. ಆಗ ಇನ್ನೂ ಎತ್ತರದ ರೋಹ್ತಾಂಗ್ ಕಡೆ ಕರೆದೊಯ್ದು, ಉಳಿದ ಹಿಮದ ತುಣುಕಿನ ಮೇಲೆ ಹತ್ತು ನಿಮಿಷ ನಿಲ್ಲಿಸಿ, ಫೋಟೋ ತೆಗೆಸಿ ಇಳಿಸುತ್ತಾರೆ. ಕಾಗದದಲ್ಲಿ ಅದಕ್ಕೂ ಸ್ಕೀಯಿಂಗ್ ಎಂದೇ ಹೆಸರು. ಅಷ್ಟು ಅಗ್ಗದ ಪ್ಯಾಕೇಜೇ ಎಲ್ಲಕ್ಕಿಂತ ದುಬಾರಿ.

ಇನ್ನು ಗುಲ್ಮಾರ್ಗ್. ಅದರ ಹೆಸರು ನಿಂತಿರುವುದು ಗೊಂಡೋಲ ಎಂಬ ಕೇಬಲ್ ಕಾರಿನ ಎರಡನೇ ಹಂತದಲ್ಲಿ. ಅದು ಅಫರ್ವಟ್ ಬೆಟ್ಟದ ಮೇಲೆ ಸುಮಾರು 3,900 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಹೊರದೇಶದವರು ಹುಡುಕಿಕೊಂಡು ಬರುವುದು ಆ ಇಳಿಜಾರಿಗೆ. ನಿಮ್ಮ ಮಗ ಮೊದಲ ವಾರ ಬೀಳುವುದು, ಏಳುವುದು, ಬ್ರೇಕ್ ಹಾಕುವುದನ್ನು ಕಲಿಯುತ್ತಾನೆ, ಅದೂ ತಪ್ಪಲಿನ ಮೆತ್ತನೆಯ ಇಳಿಜಾರಿನಲ್ಲಿ. ಗುಲ್ಮಾರ್ಗ್‌ನ ಆ ಜಾಗ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಸೋಲಂಗ್ ಕೂಡ 2,500 ಮೀಟರಿನ ಆಸುಪಾಸು. ಅವನು ಕಾಲಿಡದ ಶಿಖರಕ್ಕೆ ನೀವೇಕೆ ದುಡ್ಡು ಕಟ್ಟಬೇಕು? ನಮ್ಮಲ್ಲಿ ಎತ್ತು ಕೊಳ್ಳುವವರು ಕೊಂಬಿನ ಬಣ್ಣಕ್ಕೆ ಬೆಲೆ ಕಟ್ಟುವುದಿಲ್ಲವಲ್ಲ.

ಲೆಕ್ಕ ಹಾಕುವ ಬಗೆ ಇಷ್ಟೆ. ರೈಲು, ಕಾರು, ಕೋಣೆ, ಊಟ, ಬೂಟು-ಕೋಟಿನ ಬಾಡಿಗೆ, ಕಲಿಸುವವರ ಫೀಸು ಎಲ್ಲ ಕೂಡಿಸಿ. ಮಗ ಗುರುವಿನ ಜೊತೆ ಹಿಮದ ಮೇಲೆ ಎಷ್ಟು ತಾಸು ಇರುತ್ತಾನೋ ಅದರಿಂದ ಭಾಗಿಸಿ. ಪ್ಯಾಕೇಜುಗಳಲ್ಲಿ ಈ ತಾಸು ಎರಡೋ ಮೂರೋ. ಉಳಿದದ್ದು ಕುದುರೆ ಸವಾರಿ, ಜಾರುಬಂಡಿ ಎಳೆಯುವವರ ಜೊತೆ ಚೌಕಾಸಿ, ಶಾಲು ಅಂಗಡಿ. ಅದೇ ಸರ್ಕಾರಿ ಸಂಸ್ಥೆಗಳ ಕೋರ್ಸಿನಲ್ಲಿ ವಸತಿ, ಊಟ, ಸಾಮಾನು, ತರಬೇತಿ ಒಂದೇ ಫೀಸಿನಲ್ಲಿ ಬರುತ್ತವೆ, ಮತ್ತು ದಿನವಿಡೀ ಕಲಿಸುತ್ತಾರೆ. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಇದೆ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಸಂಸ್ಥೆ ಇದೆ. ವಯಸ್ಸಿನ ಮಿತಿ ಕೇಳಿಕೊಂಡೇ ಅರ್ಜಿ ಹಾಕಿ. ಉತ್ತರಾಖಂಡದ ಔಲಿಯ ಹೆಸರನ್ನೂ ಯಾರಾದರೂ ಹೇಳಿಯಾರು. ಜೋಶಿಮಠದಲ್ಲಿ ನೆಲ ಕುಸಿದು 2023ರ ಜನವರಿಯಲ್ಲಿ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತಿದ್ದು ನೆನಪಿರಲಿ.

ನನ್ನ ಮಾತು ಕೇಳುವುದಾದರೆ ಜನವರಿ ಕೊನೆಗೆ ಸೋಲಂಗ್. ಅತ್ತೆಯವರ ಹೆದರಿಕೆಯನ್ನೂ ಖರ್ಚಿನಲ್ಲಿ ಸೇರಿಸಿ. ದಿನಕ್ಕೆ ನಾಲ್ಕು ಸಲ ಫೋನು ಬಂದರೆ ಪ್ರವಾಸದ ಅರ್ಧ ಸುಖ ಅಲ್ಲೇ ಹೋಯಿತು. ಯಾದಗಿರಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ನೇರ ದಿಲ್ಲಿ, ಅಲ್ಲಿಂದ ಮನಾಲಿಗೆ ರಾತ್ರಿ ಬಸ್ಸು. ಮಗನಿಗೆ ಶಾಲೆ ತಪ್ಪುತ್ತದೆ, ನಿಜ. ಎಂಟನೇ ತರಗತಿಯಲ್ಲಿ ತಪ್ಪಿದರೆ ತುಂಬಿಕೊಳ್ಳಬಹುದು, ಹತ್ತನೇ ತರಗತಿಯಲ್ಲಿ ಆಗದು. ಹೆಡ್‌ಮಾಸ್ತರರನ್ನು ಈಗಲೇ ಕೇಳಿ. ನೀವು, ಯಜಮಾನರು ಬರೀ ಬರ್ಫು ಮುಟ್ಟಿ ನೋಡಿದರೆ ಸಾಕೆನ್ನುವವರಾದರೆ ಮೂವರೂ ಹೋಗಬೇಕಿಲ್ಲ, ಒಬ್ಬರು ಜೊತೆಗೆ ಹೋದರೆ ಸಾಕು.

ಮುಂಗಡ ಕೊಡುವ ಮೊದಲು ಒಂದು ಷರತ್ತು ಬರೆಸಿಕೊಳ್ಳಿ. 2025ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲೇ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಮಾರ್ಚ್‌ಗೆ ಹೋಯಿತು. ಹಿಮ ಬೀಳದಿದ್ದರೆ ತಾರೀಖು ಬದಲಿಸಿ ಕೊಡುತ್ತಾರೋ, ದುಡ್ಡು ಎಷ್ಟು ವಾಪಸು ಬರುತ್ತದೋ, ಏಜೆಂಟರು ರಸೀದಿಯ ಮೇಲೆ ಬರೆದು ಸಹಿ ಹಾಕಲಿ. ಬರೆಯಲು ಒಲ್ಲೆನೆಂದರೆ ಬೇರೆ ಏಜೆಂಟರನ್ನು ನೋಡಿ.