ಲಿನಕ್ಸ್ ಗಣಕಯಂತ್ರದಲ್ಲಿ ಅಗತ್ಯ ಪ್ಯಾಕೇಜ್ ಅಳಿಸಿಹೋದಾಗ: ಪುನಃಸ್ಥಾಪನೆಯ ಕ್ರಮ

ಗ್ರಾಮ ಪಂಚಾಯಿತಿ ಕಚೇರಿಯಲ್ಲಾಗಲಿ ಗ್ರಂಥಾಲಯದಲ್ಲಾಗಲಿ ಉಬುಂಟು ಲಿನಕ್ಸ್ ಅಳವಡಿಸಿದ ಗಣಕಯಂತ್ರವಿದ್ದಲ್ಲಿ, ಅದು ಒಂದು ದಿನ ಕಪ್ಪು ಪರದೆಯ ಮೇಲೆ ಕೆಲವು ಬಿಳಿ ಅಕ್ಷರಗಳನ್ನಷ್ಟೇ ತೋರಿಸಿ ನಿಂತುಬಿಡಬಹುದು. ಕರೆಸಿದ ದುರಸ್ತಿಗಾರರು “ಎಲ್ಲಾ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು” ಎನ್ನುವುದುಂಟು. ಆ ಮಾತಿಗೆ ಸಮ್ಮತಿಸುವ ಮುನ್ನ ಮಾನ್ಯ ಸದಸ್ಯರು ಒಂದು ಸಂಗತಿಯನ್ನು ತಿಳಿದಿರುವುದು ಅವಶ್ಯ. ಪ್ಯಾಕೇಜ್ ಅಳಿಸಿದಾಗ ಹೋಗುವುದು ತಂತ್ರಾಂಶ ಮಾತ್ರ. ಡಿಸ್ಕನ್ನು ಫಾರ್ಮ್ಯಾಟ್ ಮಾಡಿದಾಗ ಹೋಗುವುದು ಕಚೇರಿಯ ಕಡತಗಳು.

ಪಂಚತಂತ್ರ, ಇ-ಸ್ವತ್ತು ತಂತ್ರಾಂಶಗಳ ದತ್ತಾಂಶವು ಸರ್ವರಿನಲ್ಲಿರುವುದರಿಂದ ಅದಕ್ಕೆ ಬಾಧೆಯಿಲ್ಲ. ಆದರೆ ಕಾಮಗಾರಿಯ ಛಾಯಾಚಿತ್ರಗಳು, ಅಂದಾಜು ಪಟ್ಟಿಗಳು, ಗ್ರಾಮಸಭೆಯ ಟಿಪ್ಪಣಿಗಳು, ಸ್ಕ್ಯಾನ್ ಮಾಡಿದ ಅರ್ಜಿಗಳು ಆ ಯಂತ್ರದ ‘ಹೋಮ್’ ಫೋಲ್ಡರಿನಲ್ಲೇ ಉಳಿದಿರುತ್ತವೆ. ಇವುಗಳಿಗೆ ಬೇರೆ ಪ್ರತಿಯೇ ಇಲ್ಲದಿರುವ ಸಂಭವ ಹೆಚ್ಚು.

ಇಂತಹ ಅವಘಡಕ್ಕೆ ಪೈಥಾನ್ ಒಂದು ಪ್ರಸಿದ್ಧ ಕಾರಣ. ಹೊಸ ಆವೃತ್ತಿ ಹಾಕಬೇಕೆಂದೋ ಡಿಸ್ಕಿನಲ್ಲಿ ಜಾಗ ಮಾಡಬೇಕೆಂದೋ ಯಾರಾದರೂ ‘ಪೈಥಾನ್3’ ಪ್ಯಾಕೇಜನ್ನು ತೆಗೆದುಹಾಕುತ್ತಾರೆ. ಉಬುಂಟುವಿನ ಹಲವು ಉಪಕರಣಗಳು ಪೈಥಾನ್ ಭಾಷೆಯಲ್ಲೇ ರಚಿತವಾಗಿದ್ದು, ಅದನ್ನು ತೆಗೆದಾಗ ಅದರ ಆಸರೆಯಲ್ಲಿರುವ ಪ್ಯಾಕೇಜುಗಳೂ ಒಂದರ ಹಿಂದೊಂದು ಹೋಗುತ್ತವೆ. ಪರದೆಯ ಚಿತ್ರರೂಪಕ್ಕೆ ಬೇಕಾದವು, ಕೆಲವೊಮ್ಮೆ ಜಾಲಸಂಪರ್ಕಕ್ಕೆ ಬೇಕಾದವು ಸಹ ಅದರಲ್ಲಿ ಸೇರಿರುತ್ತವೆ. ತೀರ ಅನಿವಾರ್ಯವಾದ ಕೆಲವು ಪ್ಯಾಕೇಜುಗಳಿಗೆ ‘ಎಸೆನ್ಷಿಯಲ್’ ಎಂಬ ಗುರುತಿದ್ದು, ಅವುಗಳನ್ನು ತೆಗೆಯಲು ಹೊರಟರೆ ಯಂತ್ರವು ಕಠಿಣವಾದ ಎಚ್ಚರಿಕೆ ನೀಡುತ್ತದೆ. ಪೈಥಾನಿಗೆ ಆ ಗುರುತಿಲ್ಲ. ಅಳಿಯಲಿರುವ ಪ್ಯಾಕೇಜುಗಳ ಉದ್ದನೆಯ ಪಟ್ಟಿ ಪರದೆಯಲ್ಲಿ ಬರುತ್ತದೆ, ಕೊನೆಯಲ್ಲಿ ಮುಂದುವರಿಯಬೇಕೇ ಎಂಬ ಸಾಧಾರಣ ಪ್ರಶ್ನೆಯಿರುತ್ತದೆ. ಪಟ್ಟಿಯನ್ನು ಓದದೆ ‘ವೈ’ ಒತ್ತಿದರೆ ಕೆಲಸ ಮುಗಿಯಿತು. ಸಭೆಯಲ್ಲಿ ವಿಷಯಪಟ್ಟಿ ಓದದೆ ಸಹಿ ಹಾಕುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ತಪ್ಪು ಆ ಕ್ಷಣದಲ್ಲೇ ಅರಿವಿಗೆ ಬಂದರೆ ಯಂತ್ರವನ್ನು ಆಫ್ ಮಾಡಬಾರದು, ರೀಸ್ಟಾರ್ಟ್ ಸಹ ಮಾಡಬಾರದು. ಈಗಾಗಲೇ ತೆರೆದಿರುವ ತಂತ್ರಾಂಶಗಳು ಮೆಮೊರಿಯಲ್ಲಿರುವುದರಿಂದ ಬಹುಮಟ್ಟಿಗೆ ಇನ್ನೂ ಕೆಲಸ ಮಾಡುತ್ತಿರುತ್ತವೆ. ಇಂಟರ್ನೆಟ್ ಸಂಪರ್ಕವೂ ಉಳಿದಿರಬಹುದು. ಆಗಲೇ ಸರಿಪಡಿಸುವುದು ಅತಿ ಸುಲಭ.

ಯಂತ್ರವು ಈಗಾಗಲೇ ಆಫ್ ಆಗಿ ಕಪ್ಪು ಪರದೆ ಬಂದಿದ್ದರೆ, ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಅಕ್ಷರರೂಪದ ಲಾಗಿನ್ ದೊರೆಯುತ್ತದೆ. ಅಲ್ಲಿ ಮೊದಲು ನೋಡಬೇಕಾದುದು ‘ವಾರ್’ ಫೋಲ್ಡರಿನೊಳಗೆ ‘ಲಾಗ್’, ಅದರೊಳಗೆ ‘ಆಪ್ಟ್’, ಅಲ್ಲಿರುವ ‘ಹಿಸ್ಟರಿ.ಲಾಗ್’ ಎಂಬ ಕಡತ. ಇದು ಯಂತ್ರದ ನಡಾವಳಿ ಪುಸ್ತಕವೆನ್ನಬಹುದು. ಯಾವ ದಿನಾಂಕ, ಯಾವ ವೇಳೆಗೆ, ಯಾವ ಆದೇಶದಿಂದ ಯಾವ ಯಾವ ಪ್ಯಾಕೇಜುಗಳನ್ನು ತೆಗೆಯಲಾಯಿತು ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಸುಡೋ ಮೂಲಕ ಆದೇಶ ನೀಡಿದ್ದರೆ ಆ ಬಳಕೆದಾರರ ಖಾತೆಯ ಹೆಸರೂ ಇರುತ್ತದೆ. ತಪ್ಪಿತಸ್ಥರನ್ನು ಹುಡುಕಲು ಈ ಕಡತವನ್ನು ತೆರೆಯುವ ಆತುರ ಸಲ್ಲದು. ‘ರಿಮೂವ್’ ಎಂಬ ಸಾಲಿನಲ್ಲಿರುವ ಪಟ್ಟಿಯೇ ಈಗ ಬೇಕಾದುದು.

ಪ್ಯಾಕೇಜುಗಳನ್ನು ತರಿಸುವ ‘ಆಪ್ಟ್’ ಎಂಬ ಉಪಕರಣಕ್ಕೆ ಪೈಥಾನ್ ಬೇಕಿಲ್ಲವಾದುದರಿಂದ ಅದು ಸಾಮಾನ್ಯವಾಗಿ ಸುರಕ್ಷಿತವಾಗಿರುತ್ತದೆ. ಜಾಲಸಂಪರ್ಕವಿದ್ದರೆ ‘ಸುಡೋ ಆಪ್ಟ್ ಅಪ್‌ಡೇಟ್’ ಎಂದೂ, ಬಳಿಕ ‘ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3 ಉಬುಂಟು-ಡೆಸ್ಕ್‌ಟಾಪ್’ ಎಂದೂ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಉಬುಂಟು-ಡೆಸ್ಕ್‌ಟಾಪ್ ಎಂಬುದು ಹಲವು ಪ್ಯಾಕೇಜುಗಳನ್ನು ಒಟ್ಟಿಗೆ ಎಳೆದು ತರುವ ಗುಂಪಿನ ಹೆಸರು. ಇನ್ನೂ ಏನಾದರೂ ಉಳಿದಿದ್ದರೆ ರಿಮೂವ್ ಪಟ್ಟಿಯನ್ನು ನೋಡಿ ಸೇರಿಸಿದರಾಯಿತು.

ಜಾಲಸಂಪರ್ಕವೂ ಹೋಗಿದ್ದರೆ ಅಥವಾ ಯಂತ್ರವೇ ಆರಂಭವಾಗದಿದ್ದರೆ, ಉಬುಂಟುವಿನ ಲೈವ್ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಚಾಲೂ ಮಾಡಬೇಕು. ಇದಕ್ಕೆ ತನ್ನದೇ ಆದ ಜಾಲಸಂಪರ್ಕ ವ್ಯವಸ್ಥೆಯಿದೆ. ಪರದೆಯಲ್ಲಿ ಕೇಳಿದಾಗ ‘ಟ್ರೈ’ ಎಂಬುದನ್ನು ಆರಿಸಬೇಕು. ‘ಇನ್‌ಸ್ಟಾಲ್’ ಆರಿಸಿ ಮುಂದುವರಿದರೆ ಹಳೆಯ ಡಿಸ್ಕ್ ಅಳಿಯುವ ಅಪಾಯವಿದೆ. ಮೊದಲ ಕೆಲಸವಾಗಿ ಹೋಮ್ ಫೋಲ್ಡರಿನ ಕಡತಗಳನ್ನು ಮತ್ತೊಂದು ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ಅನಂತರ ತಂತ್ರಜ್ಞರು ಹಳೆಯ ಡಿಸ್ಕನ್ನು ಮೌಂಟ್ ಮಾಡಿ, ‘ಸಿಎಚ್‌ರೂಟ್’ ಎಂಬ ಆದೇಶದಿಂದ ಅದರೊಳಗೆ ಪ್ರವೇಶಿಸಿ, ಮೇಲೆ ಹೇಳಿದ ಇನ್‌ಸ್ಟಾಲ್ ಆದೇಶವನ್ನೇ ನೀಡುತ್ತಾರೆ. ಪ್ಯಾಕೇಜುಗಳನ್ನು ಕೂರಿಸುವ ‘ಡಿಪಿಕೆಜಿ’ಯೇ ಹೋಗಿದ್ದರೂ ದಾರಿಯುಂಟು: ‘ಡೆಬ್’ ಕಡತವು ವಾಸ್ತವವಾಗಿ ಒಂದು ಕಟ್ಟು ಮಾತ್ರ, ಅದನ್ನು ‘ಎಆರ್’ ಮತ್ತು ‘ಟಾರ್’ ಉಪಕರಣಗಳಿಂದ ಬಿಚ್ಚಿ ಸ್ವಸ್ಥಾನದಲ್ಲಿ ಇಡಬಹುದು. ಇದು ನುರಿತವರ ಕೆಲಸ.

ಆದ್ದರಿಂದ ದುರಸ್ತಿಯ ಪ್ರಸ್ತಾವನೆ ಸಭೆಯ ಮುಂದೆ ಬಂದಾಗ ಸದಸ್ಯರು ಎರಡು ಪ್ರಶ್ನೆ ಕೇಳಬಹುದು. ಹಿಸ್ಟರಿ.ಲಾಗ್ ನೋಡಲಾಯಿತೇ? ಹೋಮ್ ಫೋಲ್ಡರಿನ ನಕಲು ತೆಗೆಯಲಾಯಿತೇ? ಎರಡಕ್ಕೂ ಉತ್ತರ ದೊರೆಯುವವರೆಗೆ ಫಾರ್ಮ್ಯಾಟ್‌ಗೆ ಒಪ್ಪಿಗೆ ನೀಡಬೇಕಿಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದಲ್ಲಿ ಅದರ ಗುಪ್ತಪದವಿಲ್ಲದೆ ಲೈವ್ ಪೆನ್‌ಡ್ರೈವ್‌ನಿಂದಲೂ ಕಡತಗಳು ದೊರೆಯವು. ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಕಚೇರಿಯ ತಿಜೋರಿಯಲ್ಲಿ ಭದ್ರಪಡಿಸುವುದು, ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ನಮೂದಿಸುವುದು ಸೂಕ್ತ.