ಗೃಹಯಂತ್ರಗಳೂ ಆಕಾಶವಾಣಿಯ ಶ್ರವಣಭಂಗವೂ

ಶಬ್ದವು ಆಕಾಶದ ಗುಣವೆಂದು ನ್ಯಾಯ-ವೈಶೇಷಿಕರು ಬಗೆದರು. ಕಿವಿಗೆ ಕೇಳುವ ಶಬ್ದಕ್ಕೆ ವಾಯುವಿನಂಥ ಮಾಧ್ಯಮ ಬೇಕೆಂದು ಆಧುನಿಕ ಭೌತವಿಜ್ಞಾನ ಹೇಳುತ್ತದೆ. ಆದರೆ ಆ ಶಬ್ದವನ್ನು ದೂರದಿಂದ ಹೊತ್ತು ತರುವ ವಿದ್ಯುತ್ಕಾಂತ ತರಂಗಕ್ಕೆ ಗಾಳಿಯ ಹಂಗಿಲ್ಲ. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರವು ‘ಆಕಾಶವಾಣಿ’ ಎಂಬ ಹೆಸರನ್ನು ಧರಿಸಿದುದು ಹೀಗಾಗಿ ಅನ್ವರ್ಥವೇ ಸರಿ. ಅಷ್ಟು ದೂರದಿಂದ ಮನೆಬಾಗಿಲಿಗೆ ಬಂದ ವಾಣಿಯು ಮನೆಯೊಳಗಿನ ಯಂತ್ರಗಳಿಂದಲೇ ಕೆಡುವುದೇಕೆ, ಅದನ್ನು ಎಲ್ಲಿ ತಡೆಯಬೇಕು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಬೆಂಗಳೂರಿನಿಂದ ಸುಮಾರು ೨೦೦ ಕಿಲೋಮೀಟರು ಮತ್ತು ಅದಕ್ಕೂ ಹೆಚ್ಚು ದೂರದಲ್ಲಿವೆ. ಮಳೆಯನ್ನೇ ನಂಬಿ ಶೇಂಗಾ ಬಿತ್ತುವ ರೈತನಿಗೆ ಹವಾಮಾನ ವಾರ್ತೆಯೂ ಕೃಷಿರಂಗವೂ ಬರಿಯ ವಿನೋದದ ವಸ್ತುಗಳಾಗಿರಲಿಲ್ಲ. ರೇಷ್ಮೆ ಸೀರೆ ನೇಯುವ ಮೊಳಕಾಲ್ಮೂರಿನ ನೇಕಾರನಿಗೆ ಮಗ್ಗದ ಪಕ್ಕದ ರೇಡಿಯೋ ದಿನವಿಡೀ ಜೊತೆಗಾರ. ೧೯೮೧ರ ನವೆಂಬರ್ ೧ರಂದು ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾಗಿ, ಮುಂದೆ ಮರುಪ್ರಸಾರದ ಮೂಲಕ ಒಳನಾಡಿಗೂ ಚಿತ್ರಗಳು ಬಂದವು. ಮಾಳಿಗೆಗಳ ಮೇಲೆ ಆಂಟೆನಾ ನಿಂತ ಕಾಲದಲ್ಲಿಯೇ ಅಡುಗೆಮನೆಗೆ ಮಿಕ್ಸಿಯೂ ಬಂದಿತು. ಬೆಳಗಿನ ವಾರ್ತೆಯ ಹೊತ್ತೂ ಚಟ್ನಿ ರುಬ್ಬುವ ಹೊತ್ತೂ ಒಂದೇ ಆದುದರಿಂದ ತೊಂದರೆಯು ಮೊದಲಾಯಿತು.

ಈ ತೊಂದರೆಯ ಬೀಜವು ವಿದ್ಯುತ್ ಕಿಡಿ. ೧೮೮೭ರಲ್ಲಿ ಜರ್ಮನಿಯ ಹೈನ್‌ರಿಖ್ ಹರ್ಟ್ಸ್ ಎಂಬ ವಿಜ್ಞಾನಿಯು ಎರಡು ಲೋಹದ ಗುಂಡುಗಳ ನಡುವೆ ಕಿಡಿ ಹಾರಿಸಿ, ದೂರದಲ್ಲಿರಿಸಿದ ತಂತಿಯ ಬಳೆಯ ಸಂದಿನಲ್ಲಿ ಮತ್ತೊಂದು ಕಿಡಿ ಮೂಡುವುದನ್ನು ಕಂಡನು. ೧೮೯೫ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಇಂತಹ ಅಲೆಗಳಿಂದಲೇ ದೂರದ ಗಂಟೆಯನ್ನು ಬಾರಿಸಿ ತೋರಿದರು. ಅಂದ ಮೇಲೆ ಕಿಡಿಯೇ ಮೊದಲ ಪ್ರಸಾರಯಂತ್ರ! ಆದರೆ ಪ್ರಸಾರ ಕೇಂದ್ರವು ತನಗೆ ಗೊತ್ತುಮಾಡಿದ ಒಂದೇ ಶ್ರುತಿಯಲ್ಲಿ ನುಡಿಯುತ್ತದೆ. ಕಿಡಿಯಾದರೋ ಅಸಂಖ್ಯ ಶ್ರುತಿಗಳಲ್ಲಿ ಏಕಕಾಲಕ್ಕೆ ಕೂಗುತ್ತದೆ. ಆದಕಾರಣ ರೇಡಿಯೋದ ತಿರುಪನ್ನು ಎಲ್ಲಿಗೆ ತಿರುಗಿಸಿದರೂ ಗೊರಗೊರ ಶಬ್ದವು ತಪ್ಪದು.

ಎಲ್ಲ ಯಂತ್ರಗಳೂ ಸಮಾನ ದೋಷಿಗಳಲ್ಲ. ಮಿಕ್ಸಿ, ಕೈಯಲ್ಲಿ ಹಿಡಿಯುವ ಡ್ರಿಲ್, ಹೊಲಿಗೆ ಯಂತ್ರದ ಮೋಟರು ಇವುಗಳಲ್ಲಿ ತಿರುಗುವ ತಾಮ್ರದ ಪಟ್ಟಿಗಳ ಮೇಲೆ ಕಾರ್ಬನ್ ಬ್ರಷ್ಷುಗಳು ಉಜ್ಜುತ್ತವೆ; ಪಟ್ಟಿಯಿಂದ ಪಟ್ಟಿಗೆ ದಾಟುವಾಗಲೆಲ್ಲ ಕಿಡಿ ಹಾರುತ್ತದೆ. ಹಿಟ್ಟು ರುಬ್ಬುವ ಗ್ರೈಂಡರಿನಲ್ಲಿಯೂ ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿಯೂ ಸಾಮಾನ್ಯವಾಗಿರುವ ಇಂಡಕ್ಷನ್ ಮೋಟರಿಗೆ ಬ್ರಷ್ಷಿಲ್ಲ. ಅದು ಗಾತ್ರದಲ್ಲಿ ದೊಡ್ಡದಾದರೂ ಹಚ್ಚುವಾಗ, ಆರಿಸುವಾಗ ‘ಟಕ್’ ಎಂದು ಸುಮ್ಮನಾಗುತ್ತದೆ. ಇಸ್ತ್ರಿ ಪೆಟ್ಟಿಗೆ, ಫ್ರಿಜ್ಜುಗಳ ಶಾಖನಿಯಂತ್ರಕದ್ದೂ ಇಷ್ಟೇ ಕ್ಷಣಿಕ ಬಾಧೆ. ಫ್ಯಾನು ತಾನಾಗಿ ನಿರಪರಾಧಿ. ಅದರ ಎಲೆಕ್ಟ್ರಾನಿಕ್ ರೆಗ್ಯುಲೇಟರು ಗುಂಯ್‌ಗುಡಬಹುದು. ಕೈಮಗ್ಗವಂತೂ ಲಾಳಿಯ ಸದ್ದನ್ನು ಕಿವಿಗೆ ನೀಡೀತೇ ಹೊರತು ರೇಡಿಯೋದೊಳಕ್ಕೆ ಕಳುಹಿಸದು.

ಮಧ್ಯಮ ತರಂಗದ ಪ್ರಸಾರದಲ್ಲಿ ಅಲೆಯ ಎತ್ತರದ ಏರಿಳಿತವೇ ಮಾತಾಗಿ ಮಾರ್ಪಡುತ್ತದೆ. ಕಿಡಿಯೂ ಆ ಎತ್ತರವನ್ನೇ ಕೆಡಿಸುವುದರಿಂದ ಮಾತಿಗೂ ಗದ್ದಲಕ್ಕೂ ಭೇದ ಉಳಿಯದು. ಎಫ್.ಎಂ. ಪ್ರಸಾರದಲ್ಲಿ ಮಾತು ಅಡಗಿರುವುದು ಕಂಪನಸಂಖ್ಯೆಯ ಬದಲಾವಣೆಯಲ್ಲಿ. ಆದುದರಿಂದ ಅದಕ್ಕೆ ಬಾಧೆ ಕಡಿಮೆ. ಹಳೆಯ ಟೆಲಿವಿಷನ್ನಿನಲ್ಲಿ ಚಿತ್ರವು ಮೊದಲ ರೀತಿಯಿಂದಲೂ ಧ್ವನಿಯು ಎರಡನೆಯ ರೀತಿಯಿಂದಲೂ ಬರುತ್ತಿದ್ದುವು. ಮಿಕ್ಸಿ ತಿರುಗಿದಾಗ ಪರದೆಯ ಮೇಲೆ ಚುಕ್ಕೆಗಳ ಸಾಲು ಓಡಿದರೂ ಮಾತು ಬಹುಮಟ್ಟಿಗೆ ಸ್ವಚ್ಛವಾಗಿ ಕೇಳುತ್ತಿದ್ದುದರ ರಹಸ್ಯವಿದು. ಕೇಂದ್ರವು ದೂರವಾದಷ್ಟೂ ಅದರ ಅಲೆ ಕ್ಷೀಣಿಸುತ್ತದೆ. ಪಕ್ಕದ ಮನೆಯ ಕಿಡಿಯಾದರೋ ಬಳಿಯಲ್ಲಿಯೇ ಇರುತ್ತದೆ. ಗಡಿಯ ತಾಲ್ಲೂಕುಗಳ ಕೇಳುಗನಿಗೆ ಕಷ್ಟ ಹೆಚ್ಚಾದುದು ಇದರಿಂದಲೇ.

ದೋಷದ ಮೂಲವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಪತ್ತೆಹಚ್ಚಬಲ್ಲರು. ಬ್ಯಾಟರಿಯ ಟ್ರಾನ್ಸಿಸ್ಟರನ್ನು ಹಚ್ಚಿಟ್ಟು ಹಿರಿಯರಿಂದ ಮನೆಯ ಮೇನ್ ಸ್ವಿಚ್ಚನ್ನು ಆರಿಸಿಸಬೇಕು. ಗದ್ದಲ ನಿಂತರೆ ಮೂಲವು ಮನೆಯೊಳಗಿದೆ. ಬಳಿಕ ಒಂದೊಂದೇ ಉಪಕರಣವನ್ನು ಹಚ್ಚಿದರೆ ಅಪರಾಧಿ ತಿಳಿಯುತ್ತದೆ. ನಿಲ್ಲದಿದ್ದರೆ ಮೂಲವು ಹೊರಗಿದೆ. ಮಧ್ಯಮ ತರಂಗದ ಟ್ರಾನ್ಸಿಸ್ಟರಿನೊಳಗೆ ಫೆರೈಟ್ ಕಡ್ಡಿಯ ಆಂಟೆನಾ ಇರುತ್ತದೆ. ಕಡ್ಡಿಯ ತುದಿಯು ಮೂಲದ ಕಡೆಗಿದ್ದಾಗ ಸದ್ದು ಅತ್ಯಂತ ಕ್ಷೀಣವಾಗುತ್ತದೆ. ಎರಡು ಸ್ಥಳಗಳಿಂದ ಹೀಗೆ ದಿಕ್ಕನ್ನು ಗುರುತಿಸಿದರೆ ಮೂಲದ ನೆಲೆಯು ಅಂದಾಜಿಗೆ ಸಿಗುತ್ತದೆ. ಕಂಬದ ಮೇಲಿನ ಧೂಳು ಹಿಡಿದ ಇನ್ಸುಲೇಟರೋ ಸಡಿಲ ಜೋಡಣೆಯೋ ಕಾರಣವೆಂದು ತೋರಿದರೆ ಬೆಸ್ಕಾಂ ಸಿಬ್ಬಂದಿಗೆ ತಿಳಿಸಬೇಕಲ್ಲದೆ ಕಂಬವನ್ನು ಮುಟ್ಟಕೂಡದು.

ಪರಿಹಾರವು ಮೂಲದಲ್ಲಿಯೇ ಆಗತಕ್ಕದ್ದು. ಸವೆದ ಬ್ರಷ್ಷನ್ನು ಬದಲಿಸುವುದು ಮೊದಲ ಉಪಾಯ. ಮೋಟರಿನ ತಂತಿಗಳಿಗೆ ಅಡ್ಡಲಾಗಿ ತಕ್ಕ ಕೆಪಾಸಿಟರನ್ನು ಜೋಡಿಸಿದರೆ, ಅದು ಕಿಡಿಯ ಶೀಘ್ರ ಕಂಪನಗಳಿಗೆ ಹತ್ತಿರದ ದಾರಿಯಾಗಿ ಅವು ಮನೆಯ ತಂತಿಗೆ ಹರಡದಂತೆ ತಡೆಯುತ್ತದೆ. ಟ್ಯೂಬ್‌ಲೈಟಿನ ಸ್ಟಾರ್ಟರನ್ನು ಬಿಚ್ಚಿದರೆ ಕಾಣುವ ಪುಟ್ಟ ಕೆಪಾಸಿಟರು ಈ ಕಾರ್ಯಕ್ಕಾಗಿಯೇ ಇದೆ. ಜೋಡಣೆಯು ನುರಿತ ಕೆಲಸಗಾರನದೇ ಆಗಿರಬೇಕು. ಕೆಲವು ಶೋಧಕಗಳಿಗೆ ಒಳ್ಳೆಯ ಅರ್ಥಿಂಗ್ ಕೂಡ ಬೇಕು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದಾದ ಇಲ್ಲಿ ಬೇಸಿಗೆಯಲ್ಲಿ ನೆಲವು ಒಣಗಿ ಅರ್ಥಿಂಗ್ ಕೆಡುತ್ತದೆ. ಇದ್ದಿಲು ಉಪ್ಪು ತುಂಬಿದ ಅದರ ಗುಂಡಿಗೆ ಆಗಾಗ ನೀರುಣಿಸುವುದು ಕೇಳ್ಮೆಗೂ ಹಿತ, ಪ್ರಾಣಕ್ಕೂ ರಕ್ಷೆ.

ಡಿಶ್ ಆಂಟೆನಾ ಬಂದ ಮೇಲೆ ಟೆಲಿವಿಷನ್ನಿಗೆ ಮಿಕ್ಸಿಯ ಕಾಟ ತಪ್ಪಿದೆ. ಉಪಗ್ರಹದ ಅಲೆಗಳು ಕಿಡಿಯ ಗದ್ದಲಕ್ಕೆ ನಿಲುಕದಷ್ಟು ಶೀಘ್ರ ಕಂಪನದವು. ಆದರೆ ಅಗ್ಗದ ಎಲ್.ಇ.ಡಿ. ದೀಪ, ಮೊಬೈಲ್ ಚಾರ್ಜರುಗಳ ಒಳಗಿನ ಮಂಡಲವು ಸೆಕೆಂಡಿಗೆ ಹತ್ತಾರು ಸಾವಿರ ಸಲ ವಿದ್ಯುತ್ತನ್ನು ಕಡಿದು ಕೂಡಿಸುವುದರಿಂದ ಮಧ್ಯಮ ತರಂಗದ ಕೇಳುಗನಿಗೆ ಹೊಸ ಬಾಧೆಯೊದಗಿದೆ. ಬೆಲೆ ಇಳಿಸಲು ತಯಾರಕನು ಮೊದಲು ಬಿಡುವುದು ಶೋಧಕವನ್ನೇ; ಉಪಕರಣವು ಅದಿಲ್ಲದೆಯೂ ಉರಿಯುತ್ತದೆ, ನಷ್ಟವು ನೆರೆಯವನದು.

ಈ ವಿಷಯದ ತಿರುಳು ಇಲ್ಲಿಯೇ ಇದೆ. ಗದ್ದಲ ಮಾಡಿದವನ ಯಂತ್ರಕ್ಕೆ ಏನೂ ಆಗದು. ಕೇಳುತ್ತ ಕುಳಿತವನಿಗೆ ತನ್ನ ಮನೆಯಲ್ಲಿ ಮಾಡಬಹುದಾದುದು ಅತ್ಯಲ್ಪ. ರಾಷ್ಟ್ರಗಳು ಕೂಡಿ ೧೯೩೪ರಲ್ಲಿಯೇ ‘ಸಿಸ್ಪರ್’ ಎಂಬ ಸಮಿತಿಯನ್ನು ರಚಿಸಿ ಉಪಕರಣಗಳ ಗದ್ದಲಕ್ಕೆ ಮಿತಿಗಳನ್ನು ಗೊತ್ತುಪಡಿಸಲು ತೊಡಗಿದುದು ಇದೇ ಕಾರಣದಿಂದ. ನಮ್ಮ ಸುಖದ ಉಪಕರಣವು ಪರರ ಕಿವಿಯನ್ನು ಮುಚ್ಚದಂತೆ ನೋಡಿಕೊಳ್ಳುವುದೂ ಕಾಯಕಶುದ್ಧಿಯ ಒಂದು ಅಂಗವೇ. ವಿಜ್ಞಾನದ ತರಗತಿಯಲ್ಲಿ ಅಧ್ಯಾಪಕರು ಒಂದು ಟ್ರಾನ್ಸಿಸ್ಟರನ್ನೂ ಒಂದು ಮಿಕ್ಸಿಯನ್ನೂ ಮುಂದಿರಿಸಿಕೊಂಡರೆ ಭೌತಶಾಸ್ತ್ರವೂ ನೆರೆಹೊರೆಯ ಧರ್ಮವೂ ಒಂದೇ ಪಾಠದಲ್ಲಿ ಮನದಟ್ಟಾದಾವು.